ಗಂಡಸರ ಬಾಣಂತನ

ಕಲ್ಲೇಗಡ್ಡಿಯ ಗಂಡಸರು ಸೂಲಗಿತ್ತಿ ಗುತ್ತೆವ್ವನಿಗೆ ಒಂದು ಬಾಣಂತನದ ಸೀರೆ ಇನ್ನೂ ಕೊಡಬೇಕು. ಹೆಂಗಸರದಲ್ಲ, ಗಂಡಸರದು. ಹೆಂಗಸರ ಕಡೆಯಿಂದ ಒಂದು ಸೀರೆಯೂ ಬಾಕಿಯಿಲ್ಲ. ಹೊಟ್ಟೆಗೆ ಗತಿಯಿಲ್ಲದ ಮನೆಯವರೂ ತೊಟ್ಟಿಲು ಹಾಕಿದ ದಿನ ಎಲ್ಲಿಂದಲೋ ತಂದು ಸೂಲಗಿತ್ತಿಯ ಉಡಿಗೆ ಹಾಕಿದ್ದಾರೆ. ಗಂಡಸರು ಮಾತ್ರ ದೀಪಾವಳಿಗೆ ಕೊಡುತ್ತೇವೆ, ಹತ್ತಿ ಮಾರಿದ ಮೇಲೆ ಕೊಡುತ್ತೇವೆ ಎಂದು ಹಲ್ಲು ಕಿರಿದುಕೊಂಡೇ ವರ್ಷಗಳನ್ನು ದಾಟಿಸಿದರು. ಗಂಡಸರಿಗೆ ಎಂಥ ಬಾಣಂತನ ಎಂದು ಕೇಳಿದರೆ ಆ ಊರಿನ ಗಂಡಸೊಬ್ಬನೂ ಬಾಯಿ ಬಿಡುವುದಿಲ್ಲ. ಹೆಂಗಸರು ಬಿಡುತ್ತಾರೆ. ಅವರು ಬಾಯಿ ಬಿಟ್ಟು ಹೇಳಿದ್ದೇ ಇದು.

ಗುತ್ತೆವ್ವ ಹುಟ್ಟಿದ್ದು ಕಲ್ಲೇಗಡ್ಡಿಯಲ್ಲೇ. ಕುಪ್ಪೇಲೂರಿನಲ್ಲಿ ಬಸ್ಸಿಳಿದು, ಹಳ್ಳ ದಾಟಿ, ಎರೆಹೊಲದ ದಾರಿಯಲ್ಲಿ ನಡೆದರೆ ಸಿಗುವ ಊರು. ಮದುವೆ ಮಾಡಿ ಕೊಟ್ಟದ್ದು ಹೊಸರಿತ್ತಿ ಕಡೆಗೆ. ಗಂಡ ಸತ್ತ ಮೇಲೆ ಮೈದುನರು, "ಇಲ್ಲೇನೈತಿ ನಿಂದು?" ಎಂದರು. "ನಂದೇನೂ ಇಲ್ಲ. ನಿಮ್ಮ ಮಾರಿ ದಿನಾ ನೋಡೋ ಕರ್ಮಾನೂ ಇವತ್ತಿಗೆ ಇಲ್ಲ" ಎಂದವಳೇ ಟ್ರಂಕು ತಲೆ ಮೇಲಿಟ್ಟುಕೊಂಡು ತವರಿಗೆ ಬಂದಳು. ಅಣ್ಣ ಹಾಲೇಶಪ್ಪ ಕೆಳಗಿನ ಓಣಿಯಲ್ಲಿದ್ದ ಎರಡಂಕಣದ ಹಳೇ ಮನೆ ಬಿಟ್ಟುಕೊಟ್ಟ. ಕೊಟ್ಟದ್ದನ್ನು ವಾರಕ್ಕೊಮ್ಮೆ ನೆನಪು ಮಾಡುತ್ತಿದ್ದ. ಅವಳೂ ಬಿಡುತ್ತಿರಲಿಲ್ಲ.

"ಮನಿ ಕೊಟ್ಟೇನಿ ನಿನಗ, ಗುತ್ತಿ. ನೆನಪಿರ್ಲಿ."

"ಮರೀಲಿ ಅಂದ್ರೂ ಹೆಂಗ ಮರೀಲಿ ಅಣ್ಣಾ? ಮಳಿ ಬಂದಾಗೊಮ್ಮೆ ತಲಿ ಮ್ಯಾಲೆ ಬೀಳ್ತೈತಿ ನಿನ್ನ ಉಪಕಾರ."

ಇದು ಅವರಿಬ್ಬರ ಪ್ರೀತಿಯ ಮಾತು. ಬೇರೆ ಥರದ ಪ್ರೀತಿ ಇಬ್ಬರಿಗೂ ಗೊತ್ತಿರಲಿಲ್ಲ. ಅವಳಿಗೆ ಮಕ್ಕಳಿಲ್ಲ, ತನ್ನವರು ಎಂದು ಹೇಳಿಕೊಳ್ಳಲು ಇದ್ದವನು ಈ ಅಣ್ಣನೊಬ್ಬನೇ.

ಸುಗ್ಗಿ ಮುಗಿದ ಮೇಲೆ ಗುತ್ತೆವ್ವ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿಗೆ ಹೋಗುತ್ತಿದ್ದಳು. ಸಂಜೆ ಬಸ್ಸು ಹತ್ತಿದರೆ ಅಕ್ಕಪಕ್ಕದವರು ಸೀನುತ್ತಾ ಎದ್ದು ಹೋಗುತ್ತಿದ್ದರು. ಅವಳಿಗೆ ರಾಣೆಬೆನ್ನೂರಿನವರೆಗೂ ಕಾಲು ಚಾಚಿ ಕೂರುವಷ್ಟು ಜಾಗ. ಒಮ್ಮೆ ಬ್ಯಾಡಗಿಯಿಂದ ಬಂದವಳು ಬಂದ ಕೈಯಲ್ಲೇ ಯಾರದೋ ಕೂಸಿಗೆ ಎರೆಯಲು ಕುಳಿತಳು. ಕೂಸು ಚೀರಿದ್ದಕ್ಕೆ ಓಣಿಗೆ ಓಣಿಯೇ ಕೂಡಿತು. ಗಾಳಿ ಬಡಿದಿದೆ ಎಂದು ಕೂಸಿನ ಅಜ್ಜಿ ಬೇವಿನ ಸೊಪ್ಪು ತರಲು ಓಡಿದಳು. ಬಡಿದದ್ದು ಬ್ಯಾಡಗಿ ಮೆಣಸಿನಕಾಯಿ. ಅಂದಿನಿಂದ ಗುತ್ತೆವ್ವ ಯಾವ ಬಾಣಂತಿಯ ಕೋಣೆಗೆ ಹೋಗುವಾಗಲೂ ಬೂದಿ, ಸೀಗೇಪುಡಿ ಹಚ್ಚಿ ಮೊಳಕೈವರೆಗೆ ತಿಕ್ಕಿ ತೊಳೆಯುತ್ತಿದ್ದಳು. ಎಂಥಾ ಮಡಿ ಹೆಂಗಸು ಎಂದು ಜನ ಹೊಗಳಿದರೆ ಸುಮ್ಮನೆ ಹೊಗಳಿಸಿಕೊಳ್ಳುತ್ತಿದ್ದಳು.

ಅಂಗಡಿಯವರು ಗುಡಿಸಿ ಎಸೆಯುವ ಮೆಣಸಿನ ತೊಟ್ಟನ್ನು ಅವಳು ಚೀಲಗಟ್ಟಲೆ ತಂದು ಅಟ್ಟಕ್ಕೆ ಏರಿಸಿದ್ದಳು. ಒಲೆ ಹೊತ್ತಿಸಲು ಅದರಷ್ಟು ಬೇಗ ಉರಿಯುವ ಸರಕಿಲ್ಲ ಎಂಬುದು ಅವಳ ವಾದ. ಜೊತೆಗೆ ಹತ್ತಿ ಕಟ್ಟಿಗೆಯ ಹೊರೆಗಳು, ಸಗಣಿಯ ಕುಳ್ಳು. ಊರಿನ ಅರ್ಧ ಬಾಣಂತಿಯರಿಗೆ ಅವಳ ಮನೆಯ ಉರುವಲಿನಿಂದಲೇ ನೀರು ಕಾಯುತ್ತಿತ್ತು.

ತೊಂಬತ್ತೆರಡರ ಮಳೆಗಾಲ. ಹಾವೇರಿ ಆಗ ಇನ್ನೂ ಜಿಲ್ಲೆಯಾಗಿರಲಿಲ್ಲ. ಒಂದು ಸಹಿ ಬೇಕಾದರೂ ಧಾರವಾಡಕ್ಕೆ ಹೋಗಬೇಕಿತ್ತು. ಶ್ರಾವಣದ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹಳ್ಳ ಉಕ್ಕಿ ಊರ ಸೇದುಬಾವಿಯ ಕಟ್ಟೆ ಹತ್ತಿತು, ಕಟ್ಟೆ ಇಳಿದು ಬಾವಿಯೊಳಗೆ ಹೋಯಿತು. ಒಂದೇ ಹೋದರೆ ಚಿಂತೆಯಿರಲಿಲ್ಲ. ತಿಪ್ಪೆಗಳನ್ನು ಕರೆದುಕೊಂಡು ಹೋಯಿತು. ದಿನಾ ಬೆಳಗ್ಗೆ ಊರವರು ಚೊಂಬು ಹಿಡಿದು ಹೋಗಿ ಕೂರುತ್ತಿದ್ದ ಹಳ್ಳದ ದಂಡೆಯನ್ನು ಪೂರ್ತಿ ತೊಳೆದು ಬಾವಿಗೆ ಒಪ್ಪಿಸಿತು. ಕೈಪಂಪು ಬೇಸಿಗೆಯಲ್ಲೇ ಮುರಿದಿತ್ತು. ಅದನ್ನು ದುರಸ್ತಿ ಮಾಡಬೇಕಾದವರು ಬೇಸಿಗೆಯಲ್ಲೇ ಬರಬೇಕಿತ್ತು. ಕುಪ್ಪೇಲೂರಿನ ದಾರಿಯಲ್ಲಿ ಹಳ್ಳಕ್ಕೆ ಕಟ್ಟಿದ್ದ ಸಣ್ಣ ಪೂಲು ಕೊಚ್ಚಿ ಹೋಯಿತು. ಬಸ್ಸಿಲ್ಲ, ಬಂಡಿಯಿಲ್ಲ.

ಹಳ್ಳ ಇಳಿದ ಮೇಲೆ ಬಾವಿಯ ನೀರು ಹಾಲು ಹಾಕಿದ ಚಹಾದ ಬಣ್ಣಕ್ಕೆ ನಿಂತಿತ್ತು. ಊರವರು ಹೆದರಲಿಲ್ಲ. ಎಲ್ಲರ ಮನೆಯಲ್ಲೂ ಪಟಿಕದ ಹರಳು ಇರುತ್ತದೆ. ಕೊಡದಲ್ಲಿ ನಾಲ್ಕು ಸುತ್ತು ತಿರುವಿ ಬಿಟ್ಟರೆ ಕೆಸರೆಲ್ಲ ತಳಕ್ಕೆ ಕುಳಿತು, ಮೇಲಿನ ನೀರಿನಲ್ಲಿ ಮುಖ ಕಾಣುತ್ತದೆ. ಮುಖ ಕಂಡ ಮೇಲೆ ಇನ್ನೇನು? ಕುಡಿದರು. ಗುತ್ತೆವ್ವನೂ ಒಪ್ಪತ್ತು ಅದನ್ನೇ ಕುಡಿದಳು.

ಮೊದಲು ಮಲಗಿದವನು ತಿರಕಪ್ಪ. ರಾಣೆಬೆನ್ನೂರಿನ ಅಡತಿ ಅಂಗಡಿಗಳಲ್ಲಿ ಹಮಾಲಿ ಮಾಡುತ್ತಿದ್ದ ಆಳು. ಹತ್ತಿಯ ಅಂಡಿಗೆಯನ್ನು ಒಬ್ಬನೇ ಬೆನ್ನಿಗೇರಿಸುತ್ತಿದ್ದ. ಮುಂಜಾನೆ ವಾಂತಿ-ಭೇದಿ ಹತ್ತಿತು, ದೀಪ ಹಚ್ಚುವಷ್ಟರಲ್ಲಿ ಹೋದ. ಮಣ್ಣು ಮಾಡಿ ಬಂದವರಲ್ಲಿ ಮತ್ತೆ ಮೂವರು ಮಲಗಿದರು.

ಮರುದಿನ ಕುಪ್ಪೇಲೂರಿನಿಂದ ನರ್ಸಬಾಯಿ ಮಂಗಳವ್ವ ಸೀರೆಯನ್ನು ಮೊಳಕಾಲಿನ ಮೇಲೆ ಕಟ್ಟಿ, ಔಷಧದ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಸೊಂಟಮಟ್ಟದ ಹಳ್ಳ ದಾಟಿ ಬಂದಳು. ಮಲಗಿದವರಿಗೆಲ್ಲ ಉಪ್ಪು-ಸಕ್ಕರೆಯ ಪಾಕೀಟು ಕಲಸಿ ಕುಡಿಸಿ, ಚಾವಡಿಗೆ ಬಂದು, "ಬ್ಲೀಚಿಂಗ್ ಪೌಡರ್ ಎಲ್ಲೈತ್ರಿ?" ಎಂದಳು. ತಳವಾರ ಡಾಕಪ್ಪ ಮೂಲೆಯಿಂದ ಒಂದು ಚೀಲ ಎಳೆದು ತಂದ. ಬಾಯಿ ಬಿಚ್ಚಿಯೇ ಬೇಸಿಗೆ, ಮಳೆಗಾಲ ಎರಡನ್ನೂ ಕಂಡ ಚೀಲ. ಮಂಗಳವ್ವ ಗಟ್ಟಿಯಾದ ಒಂದು ಹೆಂಟೆ ಎತ್ತಿ ಮೂಗಿಗೆ ಹಿಡಿದಳು. ಘಾಟೇ ಇಲ್ಲ.

"ಇದರ ಜೀವ ಹೋಗೈತ್ರಿ. ಗ್ವಾಡಿಗಿ ಬಳೀರಿ, ಬಾವಿಗೆ ಬ್ಯಾಡ. ಹೊಸಾದು ರಾಣೆಬೆನ್ನೂರಿಂದ ಬರೋತನಕ ನೀರು ಸೋಸಿ, ಕೊತಕೊತ ಕುದಿಸಿ ಕುಡೀಬೇಕು. ಬರೇ ಬೆಚ್ಚಗ ಮಾಡೋದಲ್ಲ, ಗುಳ್ಳಿ ಎದ್ದು ಉಕ್ಕಬೇಕು."

"ಪಟಿಕ ಹಾಕೇವಲ್ರಿ ಬಾಯಾರ, ತಿಳಿ ಆಗೈತಿ" ಎಂದ ಒಬ್ಬ.

"ತಿಳಿ ನೀರು ಕುಡದಽ ತಿರಕಪ್ಪ ಹೋಗ್ಯಾನ. ರಾಡಿ ಕೆಳಗ ಕೂಡ್ತೈತಿ, ರೋಗದ ಹುಳ ಕೂಡಾಂಗಿಲ್ಲ. ಕಣ್ಣಿಗೂ ಕಾಣಾಂಗಿಲ್ಲ."

ಚಾವಡಿಯ ಕಂಬಕ್ಕೊರಗಿ ಕುಳಿತಿದ್ದ ಹಾಲೇಶಪ್ಪ ಆಗ ಕೆಮ್ಮಿದ. ಹರೆಯದಲ್ಲಿ ಸುತ್ತಿನ ಊರುಗಳ ಕುಸ್ತಿ ಕಣಕ್ಕೆಲ್ಲ ಇಳಿದವನು. ಈಗ ಇಳಿಯದಿದ್ದರೂ ಮೀಸೆ ಇನ್ನೂ ಕಣದಲ್ಲೇ ಇತ್ತು. ಅವನು ಕೆಮ್ಮಿದರೆ ಚಾವಡಿ ಸುಮ್ಮನಾಗುತ್ತದೆ.

"ಕಾಸಿದ ನೀರು ಕುಡಿಯೋರು ಯಾರ್ರಿ ಬಾಯಾರ? ಬಾಣಂತ್ಯಾರು. ನಾ ಏನ ಹಡದೇನಿ ಏನು?"

ಗಂಡಸರು ಹೊಟ್ಟೆ ಹಿಡಿದು ನಕ್ಕರು. ಆ ಕಡೆ ಅದು ನಿಜವೂ ಹೌದು. ಕಾಸಿದ ನೀರೆಂದರೆ ಓಂಕಾಳು ಹಾಕಿ ಬಾಣಂತಿಗೆ ಕೊಡುವುದು. ಗಟ್ಟಿಮುಟ್ಟಾದ ಗಂಡಸು ಅದನ್ನು ಬಾಯಿಗಿಟ್ಟರೆ ಅವನ ಮದುವೆಯ ಮಾತೇ ಮುರಿದುಬೀಳಬಹುದು. ನಗೆ ನಿಲ್ಲುವ ಮೊದಲೇ ಹಾಲೇಶಪ್ಪ ಚಾವಡಿಯ ನೀರಿನ ಹರವಿಯಿಂದ ತಂಬಿಗೆ ತುಂಬಿ, ಗಟಗಟ ಎತ್ತಿ ಕುಡಿದು, ಮೀಸೆ ಒರೆಸಿಕೊಂಡ.

ಗುತ್ತೆವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಿರಕಪ್ಪನೂ ಇದೇ ಹರವಿಯ ನೀರನ್ನೇ, ಇದೇ ತಂಬಿಗೆಯಲ್ಲೇ ಹೀಗೇ ಎತ್ತಿ ಕುಡಿಯುತ್ತಿದ್ದ. ಅವಳಿಗೆ ಹೆದರಿಕೆಯಾಯಿತು. ಬಾಯಿಗೆ ಮಾತ್ರ ಅದರ ಸುದ್ದಿ ಮುಟ್ಟಲಿಲ್ಲ.

"ಅಣ್ಣಾ, ಮುಂಜಾನಿ ಎರಡು ಕಪ್ಪು ಚಾ ಕುಡದಿ. ಅದನ್ನೇನು ಹಸೀ ನೀರಾಗ ಮಾಡಿದ್ರೇನು?"

"ಚಾ ಬ್ಯಾರೆ. ಚಾಕ್ಕ ಸಕ್ರಿ ಇರ್ತೈತಿ."

"ಹಂಗಾರ ಬಾಣಂತಿ ನೀರಿಗೂ ಸಕ್ರಿ ಹಾಕಿ ಕೊಡ್ಲೇನು?"

"ನಡಿ ನಡಿ. ಹಡೆಯೋರ ಹತ್ರ ನಡಸು ನಿನ್ನ ಶಾಣ್ಯಾತನ."

ಗುತ್ತೆವ್ವ ನಡೆದಳು. ನೆಟ್ಟಗೆ ಅಣ್ಣನ ಮನೆಗೆ ಹೋಗಿ, ಅತ್ತಿಗೆ ಶೇಖವ್ವನ ಕಣ್ಣೆದುರಿಗೇ ಗೂಟದ ಮೇಲಿದ್ದ ಅವನು ಹಬ್ಬಕ್ಕೆ ತಲೆಗೆ ಸುತ್ತುವ ರುಮಾಲು ಎತ್ತಿಕೊಂಡಳು. ಆ ರುಮಾಲಿನಷ್ಟು ಉದ್ದದ, ದಟ್ಟನೆಯ ಬಟ್ಟೆ ಊರಿನಲ್ಲಿ ಇನ್ನೊಂದಿರಲಿಲ್ಲ. ಸೀಗೇಪುಡಿ ಹಾಕಿ ಒಗೆದು, ನಾಲ್ಕು ಮಡಿಕೆ ಮಾಡಿ, ತನ್ನ ಬಾಣಂತಿ ಹಂಡೆಯ ಬಾಯಿಗೆ ಬಿಗಿದಳು. ಹೆಂಗಸರು ಬಾವಿಯ ನೀರು ತಂದು ಅದರ ಮೇಲೆ ಸುರಿದರು. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಅಟ್ಟದಿಂದ ಹತ್ತಿ ಕಟ್ಟಿಗೆ ಇಳಿಸಿ, ಬುಡಕ್ಕೆ ಎರಡು ಹಿಡಿ ಮೆಣಸಿನ ತೊಟ್ಟು ಒಟ್ಟಿ ಕಡ್ಡಿ ಗೀರಿದಳು. ಊರಲ್ಲಿ ಬೇರೆಲ್ಲರ ಕಟ್ಟಿಗೆ ತೊಯ್ದು ಗೊಬ್ಬರವಾಗಿತ್ತು. ಒಣಗಿದ್ದದ್ದು ಅವಳ ಮನೆಯ ಸೋರದ ಮೂಲೆಯಲ್ಲಿ, ಒಲೆಯ ಮೇಲಿದ್ದ ಅಟ್ಟವೊಂದೇ.

ಹೊಗೆ ಕೆಳಗಿನ ಓಣಿ ದಾಟಿತು, ಗುಡಿ ದಾಟಿತು, ಚಾವಡಿಗೆ ಬಂತು. ಚಾವಡಿಯಲ್ಲಿ ಮೊದಲು ಡಾಕಪ್ಪ ಸೀನಿದ, ಆಮೇಲೆ ಕಂಬಕ್ಕೊಬ್ಬರಂತೆ ಎಲ್ಲರೂ ಸೀನಿದರು. ಎತ್ತುಗಳೂ ಸೀನಿದವು ಎಂದು ಹೇಳುವವರಿದ್ದಾರೆ; ಅಷ್ಟು ನಂಬಬೇಕಾಗಿಲ್ಲ. ಒಂದು ಅನುಕೂಲವಂತೂ ಆಯಿತು. ಗುತ್ತೆವ್ವ ಪ್ರತಿ ಸಲ ಹೊಸ ಹಂಡೆ ಏರಿಸಿದಾಗ ಊರು ಸೀನುತ್ತಿತ್ತು. ಸೀನು ನಿಂತು, ಕೈಯಲ್ಲಿದ್ದ ರೊಟ್ಟಿ ಬಡಿದು ಮುಗಿಸಿ ಎದ್ದರೆ ನೀರು ಕುದಿದಿರುತ್ತದೆ ಎಂದು ಹೆಂಗಸರು ಲೆಕ್ಕ ಹಿಡಿದು, ತೊಳೆದ ಕೊಡಗಳನ್ನು ಹೊತ್ತು ಹೊರಡುತ್ತಿದ್ದರು.

ಮನೆಗಳಲ್ಲಿ ಗಂಡಸರು ಹಾರಾಡಿದರು. ಹೆಂಡಂದಿರು ವಾದ ಮಾಡಲಿಲ್ಲ. "ಕಾಸಿದ್ದಲ್ಲ, ಕುಡೀರಿ" ಎಂದು ತಂಬಿಗೆ ಕೈಗಿಟ್ಟರು. ಗಂಡಸರು ಕುಡಿದರು. ಗುತ್ತೆವ್ವನಿಗೆ ಸಮಾಧಾನವಾಯಿತು; ಶೇಖವ್ವನನ್ನು ಕರೆದು, "ಅಣ್ಣ ಕುಡದ್ನೇನು?" ಎಂದು ಪಿಸುಗುಟ್ಟಿದಾಗ, "ಕುಡದ್ರು, ಗೊತ್ತಽ ಆಗ್ಲಿಲ್ಲ ಅವರಿಗೆ" ಎಂದು ಅತ್ತಿಗೆ ಸೆರಗಿನಲ್ಲಿ ನಕ್ಕಳು.

ಗೊತ್ತಾಗದಿದ್ದುದು ಯಾಕೆ ಎಂದು ಗುತ್ತೆವ್ವ ಆಗಲೇ ಕೇಳಬೇಕಿತ್ತು.

ಎರಡು ದಿನ ಕಳೆದು ನಸುಕಿನಲ್ಲಿ ಹಾಲೇಶಪ್ಪನಿಗೆ ಹತ್ತಿಕೊಂಡಿತು. ಹಿತ್ತಲಿಗೂ ಹಗ್ಗದ ಹೊರಸಿಗೂ ನಡೆದು ನಡೆದು, ಹೊತ್ತು ಏರುವಷ್ಟರಲ್ಲಿ ಆ ಪೈಲವಾನನ ಕಣ್ಣು ಗುಳಿ ಬಿದ್ದವು. ಮೀಸೆ ಯಾರೋ ಅಂಟಿಸಿ ಮರೆತ ಹಾಗೆ ಕಾಣುತ್ತಿತ್ತು. ಹೆದರಿದ ಶೇಖವ್ವ ಎಲ್ಲರೆದುರು ಬಾಯಿ ಬಿಟ್ಟಳು. "ಕಾಸಿದ ನೀರಽ ಕೊಟ್ಟೇನ್ರೀ ನಾನು! ಆದ್ರೂ ಹಿಂಗಾತು!"

ಚಾವಡಿಯವರಿಗೆ ಅಷ್ಟೇ ಬೇಕಿತ್ತು. "ನೋಡ್ರಿ, ಬಾಣಂತಿ ನೀರು ಗಂಡಸರ ಹೊಟ್ಟಿಗಿ ಹಿಡಿಯೂದಿಲ್ಲ!" ಎಂದು ಒಬ್ಬ. "ಮೆಣಸಿನ ಹೊಗಿ ನೀರಾಗ ಇಳದೈತಿ" ಎಂದು ಇನ್ನೊಬ್ಬ. ನಾಲ್ಕು ಜನ ಗುತ್ತೆವ್ವನ ಅಂಗಳಕ್ಕೆ ಹೋಗಿ ಹಂಡೆ ಮಗುಚಿ ಹಾಕಿ ಬಂದರು. ಅವಳು ತಡೆಯಲು ಅಲ್ಲಿರಲಿಲ್ಲ. ಅಣ್ಣನ ತಲೆ ಮಗ್ಗುಲಲ್ಲಿ ಕುಳಿತಿದ್ದಳು.

ಊರಲ್ಲೇ ಉಳಿದಿದ್ದ ಮಂಗಳವ್ವ ನಾಡಿ ಹಿಡಿದು, ಹೊಟ್ಟೆಯ ಮೇಲಿನ ಚರ್ಮ ಚಿವುಟಿ ನೋಡಿದಳು. ಚಿವುಟಿದ ಚರ್ಮ ಎದ್ದದ್ದು ಎದ್ದ ಹಾಗೇ ನಿಂತಿತು. "ಗುತ್ತೆವ್ವಾ, ಈ ಪಾಕೀಟಿನ ನೀರು ಚಮಚದಲೆ ಕುಡಸ್ಕೋಂತ ಕುಂದ್ರು. ವಾಂತಿ ಆದ್ರೂ ಬಿಡಬ್ಯಾಡ, ಒಂದೀಟು ತಡದು ಮತ್ತ ಕುಡಸು. ಮಧ್ಯಾಹ್ನದೊಳಗ ಉಚ್ಚಿ ಹೊಯ್ದ್ರ ಉಳಿದಂಗ. ಇಲ್ಲಂದ್ರ ಹೊರಸಿನ ಸಮೇತ ಹೊತ್ಕೊಂಡು ಹಳ್ಳ ದಾಟಿ ರಾಣೆಬೆನ್ನೂರು ದವಾಖಾನಿಗಿ ಒಯ್ಯಬೇಕು. ಹಳ್ಳ ಇವತ್ತು ಮತ್ತ ಏರೈತಿ."

ಊರಿಗೆ ಊರೇ ಹಾಲೇಶಪ್ಪನ ಉಚ್ಚೆಗಾಗಿ ಕಾಯುತ್ತಾ ಕಟ್ಟೆಯ ಮೇಲೆ ಕುಳಿತಿತು. ಗುತ್ತೆವ್ವ ಚಮಚ ಎತ್ತುವುದು, ಬಾಯಿಗೆ ಬಿಡುವುದು. ಅವನು ಕಾರಿದರೆ ಒರೆಸುವುದು, ಮತ್ತೆ ಚಮಚ ಎತ್ತುವುದು. ಬಾಯಿ ಸುಮ್ಮನಿರಲಿಲ್ಲ. "ನುಂಗು ಅಣ್ಣಾ. ನೀ ಸತ್ರ ಆ ಸೋರೋ ಮನಿ ದುರಸ್ತಿ ಯಾರು ಮಾಡ್ಸಬೇಕು? ನುಂಗು. ಸಾಯೋದಾದ್ರ ಹಂಚು ಹೊದಿಸಿ ಸಾಯಿ." ಅವನಿಗೆ ತಿರುಗಿ ಬೈಯಲು ಶಕ್ತಿಯಿರಲಿಲ್ಲ. ಅದು ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಬೆಳಗಿನಿಂದ ಅವಳ ಬಾಯಿಗೆ ಹನಿ ನೀರು ಬಿದ್ದಿರಲಿಲ್ಲ. "ವೈನಿ, ಒಂದೀಟು ನೀರು ಕೊಡು" ಎಂದಳು. ಶೇಖವ್ವ ಅಡಿಗೆ ಕೋಣೆಗೆ ಹೋದಳು. ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಒಲೆಯಿಂದ ಆಗಷ್ಟೇ ಇಳಿಸಿದ್ದ, ಕುದಿಸಿದ ನೀರಿನ ಗಡಿಗೆಯಿಂದ ಅರ್ಧ ತಂಬಿಗೆ ತುಂಬಿದಳು. ಪಕ್ಕದ ಹರವಿಯ ಮುಚ್ಚಳ ತೆಗೆದು, ಪಟಿಕ ತಿರುವಿದ ಬಾವಿಯ ಹಸಿ ನೀರನ್ನು ಅದಕ್ಕೇ ಬಗ್ಗಿಸಿದಳು. ಮುಂಗೈ ಮೇಲೆ ಎರಡು ಹನಿ ಬಿಟ್ಟುಕೊಂಡು ನೋಡಿ, ತಲೆಯಾಡಿಸಿ, ತಂದಳು.

"ಏನು ಮಾಡ್ದಿ ವೈನಿ ಈಗ?"

"ಯಾಕ? ಹದಾ ಮಾಡ್ದೆ. ಸುಡು ಸುಡು ನೀರು ಹೆಂಗ ಕುಡೀತಿ?"

"ಅಣ್ಣಗೂ ಹಿಂಗಽ ಕೊಟ್ಟಿ?"

"ಮತ್ತ? ಬೆಚ್ಚಗಿದ್ರ ಅವರಿಗೆ ಗೊತ್ತಾಗ್ತೈತಲ್ಲ! ನೀನಽ ಕಲಿಸೀದಿಯಲ್ಲ, ಮೊದಲ ಬಿಸಿ, ಮ್ಯಾಲೆ ತಣ್ಣಗಿಂದು, ಮುಂಗೈ ಮ್ಯಾಲೆ ಹನಿಸಿ ನೋಡೋದು."

ಗುತ್ತೆವ್ವ ಹಣೆ ಹಣೆ ಬಡಿದುಕೊಂಡಳು. ಕಲಿಸಿದ್ದು ಹೌದು. ಈ ಊರಿನ ಹೆಂಗಸರೆಲ್ಲರಿಗೂ ಬಾಣಂತಿಗೆ ಎರೆಯುವ ನೀರು ಹದ ಮಾಡುವುದನ್ನು ಅವಳೇ ಕಲಿಸಿದ್ದಳು. ಮೈಗೆ ಹಾಕುವ ನೀರಿನ ವಿದ್ಯೆಯನ್ನು ಅವರು ಹೊಟ್ಟೆಗೆ ಹಾಕುವ ನೀರಿಗೆ ಹಚ್ಚಿದ್ದರು. ಕುದಿಸಿದವಳು ಕುದಿಸಿಯೇ ಕುದಿಸಿದಳು; ಒಳಗೆ ಹೋದ ಮೇಲೆ ಮನೆಮನೆಯಲ್ಲೂ ಆ ನೀರಿಗೆ ಬಾವಿಯನ್ನು ಮತ್ತೆ ಕೂಡಿಸಿದ್ದರು. ಕಟ್ಟೆಯ ಮೇಲಿದ್ದ ಹೆಂಗಸರನ್ನು ಕೂಗಿ ಕೇಳಿದಳು. ಎಲ್ಲರೂ ಹೆಮ್ಮೆಯಿಂದ ಒಪ್ಪಿಕೊಂಡರು.

ಮಂಗಳವ್ವ ಬಾಗಿಲಲ್ಲೇ ಕುಸಿದು ಕುಳಿತಳು. "ಕುದಿಸ್ರಿ ಅಂತ ಹೇಳ್ದೆ. ಬೆರಸಬ್ಯಾಡ್ರಿ ಅಂತ ಹೇಳ್ಲೇ ಇಲ್ಲಲ್ರೆವ್ವಾ ನಾನು" ಎಂದಳು. ಅಳಬೇಕೋ ನಗಬೇಕೋ ತಿಳಿಯದೆ ಅವಳಿಗೆ ಸೀನು ಬಂತು.

ಕುದಿಸಿದ ನೀರು ಆರುವುದಕ್ಕೇನು ಮಾಡಬೇಕು ಎಂದು ಆಮೇಲೆ ಇಬ್ಬರೂ ಸೇರಿ ತೋರಿಸಿದರು. ಕುದಿಸಿದ ಪಾತ್ರೆಯಲ್ಲೇ ಮುಚ್ಚಿಟ್ಟು ಆರಬಿಡಬೇಕು, ಗಡಿಗೆಯನ್ನು ಒದ್ದೆ ಉಸುಕಿನ ಮೇಲೆ ಕೂರಿಸಬೇಕು. ಸಪ್ಪೆ ಎನಿಸಿದರೆ, ಕುದಿಯುವ ನೀರಲ್ಲಿ ತೊಳೆದ ಎರಡು ತಂಬಿಗೆಗಳ ನಡುವೆ ಚಹಾದ ಅಂಗಡಿಯವನ ಹಾಗೆ ಎತ್ತಿ ಎತ್ತಿ ಹೊಯ್ಯಬೇಕು, ರುಚಿ ತಿರುಗಿ ಬರುತ್ತದೆ. ಕೈ ಅದ್ದಬಾರದು, ಉದ್ದ ಹಿಡಿಯ ಸೌಟು ಹಾಕಿ ತೆಗೆಯಬೇಕು. ಹಸಿ ನೀರಿನ ಹರವಿ ಅಡಿಗೆ ಕೋಣೆಯಲ್ಲೇ ಇರಕೂಡದು, ಹಿತ್ತಲಿಗೆ ಹೋಗಬೇಕು. ಶೇಖವ್ವ ತನ್ನ ಹರವಿಯನ್ನು ಹಿತ್ತಲಿಗೆ ಒಯ್ಯುವ ವ್ಯವಧಾನವೂ ಇಲ್ಲದೆ ಕಿಟಕಿಯಿಂದಲೇ ಹೊರಗೆ ಚೆಲ್ಲಿದಳು. ಕೆಳಗೆ ಡಾಕಪ್ಪ ನಿಂತಿದ್ದ.

ಊಟದ ಹೊತ್ತು ಮೀರಿತ್ತು. ಹೊರಸು ಹೊರಲು ನಾಲ್ಕು ಜನ ಬಿದಿರ ಗಳ ಕಟ್ಟುತ್ತಿದ್ದರು. ಒಳಗಿನಿಂದ ಹಾಲೇಶಪ್ಪನ ದನಿ ಬಂತು, ತೆಳ್ಳಗೆ: "ಗುತ್ತಿ... ಎಲ್ಲಾರನ್ನೂ ಆ ಕಡೆ ಕಳಸು. ನಂಗ ಬಂದೈತಿ."

ಗುತ್ತೆವ್ವ ಹೊರಗೆ ಬಂದು ಎರಡೂ ಕೈಯೆತ್ತಿ, "ಹೊಯ್ದ!" ಎಂದು ಕೂಗಿದಳು. ಕಟ್ಟೆಯ ಮೇಲಿದ್ದವರು ಗಂಡು ಹುಟ್ಟಿತೆಂಬಂತೆ ಕೇಕೆ ಹಾಕಿದರು. ಅವಳು ಮಾತ್ರ ಹಿತ್ತಲಿಗೆ ಹೋಗಿ, ಗೋಡೆ ಕಡೆ ಮುಖ ಮಾಡಿ ಮೂಗು ಸೀಟಿಕೊಂಡು ಬಂದಳು.

ಸಂಜೆ ಹಾಲೇಶಪ್ಪನಿಗೆ ಗಂಜಿ ಇಳಿಯಿತು, ಎಚ್ಚರ ಸರಿಯಾಯಿತು. ತಲೆಗೆ ಏನೋ ಬಿಗಿದ ಹಾಗಾಗಿ ಮುಟ್ಟಿ ನೋಡಿಕೊಂಡ. ಶೇಖವ್ವನ ಹಳೇ ಸೀರೆಯ ಅಂಚು. ಎರಡೂ ಕಿವಿ ಮುಚ್ಚಿ, ಗದ್ದದ ಕೆಳಗೆ ಗಂಟು ಹಾಕಿತ್ತು. ಮಗ್ಗುಲಲ್ಲಿ ಅಗ್ಗಿಷ್ಟಿಕೆ, ಅದರಲ್ಲಿ ಓಂಕಾಳಿನ ಹೊಗೆ. ಎದುರಿಗೆ ತಂಗಿ ಕಾಲು ಚಾಚಿ ಕುಳಿತು ಎಲೆ ಅಡಿಕೆ ಜಗಿಯುತ್ತಿದ್ದಳು.

"ಏನಲೇ ಇದು? ಬಿಚ್ಚ!"

"ಸುಮ್ನ ಮಲಕೋ. ಹಸೀ ಮೈ. ಗಾಳಿ ಹೊಕ್ಕೀತು."

"ಗುತ್ತೀ..."

"ಚಾವಡಿ ಮಂದಿ ಮಾತಾಡ್ಸಾಕ ಬರಾಕತ್ತಾರ. ಹಾಲೇಶಪ್ಪ ಸುಖವಾಗಿ ಹಡದಾನ, ಬಾಣಂತಿ ಆರಾಮ ಅದಾನ, ಕೂಸು ಇನ್ನಾ ಕಾಣವಲ್ದು ಅಂತ ಹೇಳ್ತೇನಿ."

ಹಾಲೇಶಪ್ಪ ಎದ್ದು ಕೂರಲು ನೋಡಿದ. ಆಗಲಿಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಡುವ ಸದ್ದು ಕೇಳಿತು. ಕುಸ್ತಿ ಕಣದಲ್ಲಿ ಬೆನ್ನು ಮಣ್ಣಿಗೆ ಹತ್ತಿದಾಗಲೂ ಅವನ ಮುಖ ಹಾಗಾಗಿರಲಿಲ್ಲ.

"ಏನು ಬೇಕಲೇ ನಿನಗ?"

"ನನಗೇನು ಬ್ಯಾಡ. ಊರಾಗ ಒಬ್ಬನಽ ಬಾಣಂತಿ ಇದ್ರ ಎಲ್ಲಾರೂ ಅವನ್ನ ನೋಡಿ ನಗ್ತಾರ. ಊರಿನ ಗಂಡಸರು ಎಲ್ಲಾರೂ ಬಾಣಂತಿ ಆದ್ರ ಯಾರು ಯಾರಿಗೆ ನಗಬೇಕು? ಇಚಾರ ಮಾಡು."

ಅವನು ಬಾಗಿಲಿನ ಕಡೆ ನೋಡಿದ. "ಡಾಕಪ್ಪನ್ನ ಕರಿ" ಎಂದ.

ಹರವಿಯ ನೀರಿನಿಂದ ತೊಯ್ದ ಅಂಗಿಯಲ್ಲೇ ಡಾಕಪ್ಪ ಹಲಿಗೆ ಬಡಿಯುತ್ತಾ ಹೊರಟ. "ಕೇಳ್ರಪೋ ಕೇಳ್ರಿ! ಹೊಸಾ ಪೌಡರು ಬರೋತನಕಾ ಊರಾಗಿನ ಗಂಡಸರು ಎಲ್ಲಾರೂ ಬಾಣಂತಿ ಇದ್ದಂಗ! ಕುದಿಸಿದ ನೀರು ಬಿಟ್ಟು ಹಸೀ ನೀರು ಕುಡದವ್ರು ಹಾಲೇಶಪ್ಪನ್ನ ಮಾತಾಡ್ಸಾಂಗಿಲ್ಲ, ಅಂವ ಅವ್ರನ್ನ ಮಾತಾಡ್ಸಾಂಗಿಲ್ಲ! ಬೆರಕಿ ಮಾಡಿದವ್ರ ಮನೀಗೆ ಗುತ್ತೆವ್ವ ಬರ್ತಾಳಪೋ, ಅವಳು ಬಂದ್ರ ಏನಾಗ್ತೈತಿ ನಿಮಗಽ ಗೊತ್ತು!"

ಮರುದಿನ ಬೆಳಗ್ಗೆ ಊರು ಸೀನಿತು. ಮಗುಚಿ ಹಾಕಿದವರೇ ಹಂಡೆಯನ್ನು ಬೂದಿ ಹಚ್ಚಿ ತಿಕ್ಕಿ ಒಲೆಯ ಮೇಲಿಟ್ಟಿದ್ದರು. ಹಾಲೇಶಪ್ಪನನ್ನು ಹೊರಸಿನ ಸಮೇತ ಚಾವಡಿಗೆ ತಂದರು. ಆರಿಸಿದ ನೀರನ್ನು ಎಲ್ಲರೆದುರು ಒಂದು ತಂಬಿಗೆ ಕುಡಿದು, "ಯಾರಾರ ನಗ್ರಿ ನೋಡೋಣ" ಎಂದ. ಯಾರೂ ನಗಲಿಲ್ಲ. ಸಾಲಾಗಿ ಬಂದು ಕುಡಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ ಅಷ್ಟೇ.

ರೋಗ ಹಿಂದೆ ಸರಿಯಿತು. ಹೊಸದಾಗಿ ಮಲಗುವವರು ನಿಂತರು, ಮಲಗಿದ್ದವರು ಏಳತೊಡಗಿದರು. ಗಂಡಸರಿಗೂ ನಾಚಿಕೆ ಬಿಟ್ಟಿತು, ಬಿಟ್ಟದ್ದು ಅತಿಯಾಯಿತು. ಬಾಣಂತಿಗೆ ಅಂಟಿನುಂಡಿ ಬೇಕು ಎಂದು ಒಬ್ಬ ಹೆಂಡತಿಯನ್ನು ಪೀಡಿಸಿದ. ಅಳವಿ ಪಾಯಸ ಮಾಡು ಎಂದು ಇನ್ನೊಬ್ಬ. ತಲೆಗೆ ಟವೆಲ್ಲು ಕಟ್ಟಿಕೊಂಡು ಚಾವಡಿಯಲ್ಲಿ ಬಿದ್ದುಕೊಂಡು, ಹೋಗಿ ಬರುವವರಿಗೆ "ಹಗೂರಕ ಮಾತಾಡ್ರಿ, ಹಸೀ ಮೈ" ಎನ್ನತೊಡಗಿದರು. ಅತ್ತ ಗುತ್ತೆವ್ವನ ಅಟ್ಟ ಬರಿದಾಗಿತ್ತು. ಹತ್ತಿ ಕಟ್ಟಿಗೆ ಮುಗಿದು, ಕುಳ್ಳು ಮುಗಿದು, ಹೆಂಗಸರು ತೊಯ್ದ ಜಾಲಿ ಮುಳ್ಳು ಹೊತ್ತು ತಂದು, ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡಿದ್ದರು. ಅಣ್ಣ ಇನ್ನೂ ಪೂರ್ತಿ ಎದ್ದಿರಲಿಲ್ಲ. ಹಂಡೆ ಆರಿದರೆ ಅವನೂ ಊರೂ ಮತ್ತೆ ಅದೇ ಬಾವಿಗೇ ಬರಬೇಕು ಎಂಬುದು ಅವಳಿಗೆ ಗೊತ್ತಿತ್ತು.

ಚಾವಡಿಗೆ ಬಂದು, "ಕಟಿಗಿ ತೀರ್ಯಾವು. ಏಳ್ರಿ" ಎಂದಳು.

ತಲೆಗೆ ಟವೆಲ್ಲು ಕಟ್ಟಿದವನೊಬ್ಬ ಮಗ್ಗುಲು ಬದಲಿಸಿದ. "ಬಾಣಂತಿ ಕಟಿಗಿ ಕಡೀತಾಳೇನು ಗುತ್ತೆವ್ವಕ್ಕಾ? ನೀನಽ ಮಾಡಿಟ್ಟ ಬಾಣಂತನ!"

ಚಾವಡಿ ಹೋ ಎಂದು ನಕ್ಕಿತು. ತನ್ನ ಮಾತಿನ ಕಲ್ಲು ತನಗೇ ತಿರುಗಿ ಬಿದ್ದದ್ದು ಕಂಡು ಗುತ್ತೆವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕಡೀತಾಳ ಮಗನಽ, ಕಡೀತಾಳ" ಎಂದಳು. "ನಿಮ್ಮವ್ವ ನಿನ್ನ ಹಡದು ಹನ್ನೆರಡನೇ ದಿನಕ್ಕ ಎಲ್ಲಿದ್ಳು? ಗೌಡರ ಹೊಲದಾಗ ಕಳೇವು ತಗೀತಿದ್ಳು. ನೀ ಬದುವಿನ ಮ್ಯಾಲೆ ಜೋಲ್ಯಾಗ ಒದರ್ತಿದ್ದಿ. ಈ ಊರಾಗ ತಿಂಗಳಗಟ್ಟಲೆ ಮಲಗಿ ಉಂಡ ಬಾಣಂತಿ ಒಬ್ಬಾಕೀನ ಹೆಸರು ಹೇಳು. ಈ ಕೈಯಿಂದಽ ಹಡಿಸೇನಿ ಎಲ್ಲಾರನ್ನೂ, ನನಗ ಹೇಳ್ಬ್ಯಾಡ. ನಿಮ್ಮದು ಎಂಥಾ ಬಾಣಂತನಲೇ? ಹಡೀದಽ ಮಲಗೀರಿ!"

ನಗೆ ನಿಂತಿತು. ಹೊರಸಿನ ಮೇಲಿದ್ದ ಹಾಲೇಶಪ್ಪ ಗೋಡೆ ಹಿಡಿದು ಎದ್ದ. ತಲೆಯ ಸೀರೆಯಂಚು ಬಿಚ್ಚಿ ನಡುವಿಗೆ ಬಿಗಿದ. ಮೂಲೆಯಲ್ಲಿದ್ದ ಡಾಕಪ್ಪನ ಕೊಡಲಿ ಎತ್ತಿಕೊಂಡು, ಮಳೆಗೆ ಉರುಳಿದ್ದ ಗುಡಿಯ ಹಿಂದಿನ ಬೇವಿನ ಮರದ ಕಡೆಗೆ ನಡೆದ. ಎರಡೇಟು ಹಾಕುವಷ್ಟರಲ್ಲಿ ಏದುಸಿರು ಬಂದು ಕುಳಿತ. ಮೂರನೇ ಏಟಿಗೆ ಬೇರೆ ಯಾರೋ ಕೈ ಚಾಚಿದರು. ಒಬ್ಬ ಹಸಿ ಟೊಂಗೆಗಳನ್ನು ಸೀಳಿ ಹಂಡೆಯ ಒಲೆಯ ಮಗ್ಗುಲಿಗೆ ಆರಲು ನಿಲ್ಲಿಸಿದ. ಇನ್ನೊಬ್ಬ ತನ್ನ ಮುರಿದ ಕೂರಿಗೆಯನ್ನೇ ಒಡೆದು ಒಲೆಗೆ ಕೊಟ್ಟ. ಅಂಟಿನುಂಡಿ ಕೇಳಿದ್ದವನು ಊದುಗೊಳವೆ ಹಿಡಿದು ಕುಳಿತ. ಒಂದು ಹಂಡೆ ನೀರು ಕುದಿಯಲು ಎಷ್ಟು ಉಸಿರು ಬೇಕಾಗುತ್ತದೆ ಎಂಬುದು ಅವನಿಗೆ ಆ ದಿನ ತಿಳಿಯಿತು.

ಹಳ್ಳ ಇಳಿಯಿತು. ಜೀಪು ಬಂತು, ಹೊಸ ಪೌಡರು ಬಂತು, ಬಂದವರಿಗೆ ಹಾರ ಹಾಕಿದ್ದೂ ಆಯಿತು. ತಿರಕಪ್ಪನ ನಂತರ ಆ ನೀರಿಗೆ ಆ ಊರಿನಲ್ಲಿ ಇನ್ನೊಂದು ಹೆಣ ಬೀಳಲಿಲ್ಲ. ಹಾಲೇಶಪ್ಪ ಮುಂದೆ ಪ್ರತಿ ಮಳೆಗಾಲವೂ ಮನೆಯ ಕುಡಿಯುವ ನೀರನ್ನು ತಾನೇ ಕುದಿಸಿದ. ಶೇಖವ್ವನನ್ನು ಆ ಗಡಿಗೆಯ ಹತ್ತಿರ ಬಿಡಲಿಲ್ಲ. ಪೈಲವಾನರು ಹಿಂದಿನಿಂದಲೂ ಕುದಿಸಿದ ನೀರೇ ಕುಡಿಯುತ್ತಿದ್ದರು, ಅದು ಗರಡಿಮನೆಯ ಪದ್ಧತಿ ಎಂದು ಕುಪ್ಪೇಲೂರಿನವರಿಗೆ ಹೇಳಿಕೊಂಡು ತಿರುಗಿದ. ಗುತ್ತೆವ್ವನ ಕಿವಿಗೂ ಅದು ಬಿತ್ತು. ಕುದಿಸುತ್ತಾನಲ್ಲ, ಏನು ಬೇಕಾದರೂ ಹೇಳಿಕೊಳ್ಳಲಿ ಎಂದಳು.

ಈಗ ನಿಮ್ಮ ಮಾತು. ಓದಿ ನಕ್ಕಿರಿ, ಅದು ಸಾಕು. ಮಳೆ ಬಂದು ನಲ್ಲಿಯಲ್ಲೋ ಬಾವಿಯಲ್ಲೋ ರಾಡಿ ಬಂದ ದಿನ ನಿಮ್ಮ ಮನೆಯಲ್ಲಿ ನೀರು ಸೋಸುವವರು ಯಾರು, ಉರುವಲಿಗೆ ಓಡುವವರು ಯಾರು, ಕುದಿಸಿ, ಆರಿಸಿ, ಮುಚ್ಚಿಟ್ಟು ನಿಮ್ಮ ಕೈಗೆ ತಂಬಿಗೆ ಕೊಡುವವರು ಯಾರು? ಹೆಸರು ಹೇಳಿ. ಆ ಹೆಸರು ನಿಮ್ಮದಲ್ಲದಿದ್ದರೆ ಈ ಪುಸ್ತಕ ಇಲ್ಲೇ ಮಗುಚಿಟ್ಟು ಏಳಿ. ಇವತ್ತಿನ ನೀರು ನೀವು ಕುದಿಸಿ.